ಎಳೆದರೆ ಅಡುಗೆಮನೆ, ತಳ್ಳಿದರೆ ಡಿಕ್ಕಿ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಕೋಲ್ಕತ್ತದ ದಕ್ಷಿಣದ ರಸ್ತೆಗಳಿಗೆ ಪಿಕ್‌ನಿಕ್ ಜ್ವರ ಏರುತ್ತದೆ. ಬಾಡಿಗೆ ಮಟಡೋರಿನ ಹಿಂಭಾಗದಲ್ಲಿ ಹಂಡೆಯಂಥ ಪಾತ್ರೆಗಳು, ಗ್ಯಾಸ್ ಒಲೆ, ಹೂಕೋಸು-ಆಲೂಗಡ್ಡೆಯ ಚೀಲ, ಪಕ್ಕದಲ್ಲಿ ಸೌಂಡ್ ಬಾಕ್ಸು, ಉಳಿದ ಜಾಗದಲ್ಲಿ ಮನುಷ್ಯರು. ಗಾಡಿ ನಗರದ ದಕ್ಷಿಣ ಅಂಚಿನ ಜೋಕಾ ದಾಟಿ ಡೈಮಂಡ್ ಹಾರ್ಬರ್ ಕಡೆ ಹೊರಟಿತೆಂದರೆ ಹೂಗ್ಲಿಯ ದಂಡೆಯಲ್ಲಿ ಎಲ್ಲೋ ನಿಂತು ಅಲ್ಲೇ ಅಡುಗೆ, ಅಲ್ಲೇ ಊಟ. ಬಂಗಾಳದವರಿಗೆ ಇದು ಚಳಿಗಾಲದ ಹಬ್ಬ. ಕಾರ್ತಿಕದಲ್ಲಿ ನೆಲ್ಲಿಮರದಡಿ ವನಭೋಜನ ಮಾಡುವ ನಮ್ಮವರಿಗೂ ಅದು ಅಪರಿಚಿತವೇನಲ್ಲ.

ಸ್ವಂತ ಕಾರಿರುವ ನಾಲ್ಕು ಜನರ ಕುಟುಂಬಕ್ಕೆ ಹಂಡೆಯೂ ಬೇಡ, ಮಟಡೋರೂ ಬೇಡ. ಆದರೆ ಒಲೆ ಒಂದು ಕಡೆ, ಲೈಟರ್ ಇನ್ನೊಂದು ಕಡೆ, ಉಪ್ಪಿನ ಡಬ್ಬಿ ಸೀಟಿನ ಕೆಳಗೆ ಎಂಬಂಥ ಚೆಲ್ಲಾಪಿಲ್ಲಿ ಮಾತ್ರ ತಪ್ಪುವುದಿಲ್ಲ. ಡಿಕ್ಕಿಯೊಳಗೆ ಕೂರುವ, ಬಾಗಿಲು ತೆಗೆದು ಎಳೆದರೆ ಒಲೆಯೂ ಹೆಚ್ಚುಮಣೆಯೂ ಹೊರಬರುವ ಒಂದು ಮರದ ಪೆಟ್ಟಿಗೆ ಈ ತೊಂದರೆಗೆ ಪರಿಹಾರ. ಜೀಪು, ಎಸ್‌ಯುವಿ ಓಡಿಸುವ ಪ್ರವಾಸಪ್ರಿಯರು ಇಂಥದ್ದನ್ನು ಮಾಡಿಸಿಕೊಳ್ಳುವುದು ಈಗ ಹೆಚ್ಚುತ್ತಿದೆ.

ಇಂಥ ಪ್ರವಾಸಕ್ಕೆ ಜೋಕಾ ಒಳ್ಳೆಯ ಹೊರಡುನೆಲೆ. 1961ರಲ್ಲಿ ಹುಟ್ಟಿದ ಐಐಎಂ ಕಲ್ಕತ್ತಾ 1975ರಿಂದ ಇಲ್ಲಿದೆ. ಓದಿಗೂ ಕೆಲಸಕ್ಕೂ ದೇಶದ ಎಲ್ಲ ಮೂಲೆಗಳಿಂದ ಜನ ಬರುತ್ತಾರೆ. 2022ರ ಡಿಸೆಂಬರ್ 30ರಂದು ಜೋಕಾ–ತಾರಾತಲಾ ಮೆಟ್ರೋ ಉದ್ಘಾಟನೆಯಾದ ಮೇಲೆ ಊರು ನಗರಕ್ಕೆ ಇನ್ನಷ್ಟು ಹತ್ತಿರವಾಗಿದೆ. ಕಾರಿನ ಮೂತಿಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಪೈಲಾನ್, ಆಮ್ತಲಾ, ಡೈಮಂಡ್ ಹಾರ್ಬರ್, ಕುಲ್ಪಿ, ಕಾಕದ್ವೀಪ್, ನಾಮ್‌ಖಾನಾ, ಕೊನೆಗೆ ಸಮುದ್ರತೀರದ ಬಕ್ಖಾಲಿ. ಮೊದಲೆಲ್ಲ ನಾಮ್‌ಖಾನಾದಲ್ಲಿ ಕಾರನ್ನು ಬಾರ್ಜಿನ ಮೇಲೆ ಹತ್ತಿಸಿ ಹಾತಾನಿಯಾ-ದೋಆನಿಯಾ ನದಿ ದಾಟಿಸಬೇಕಿತ್ತು. 2019ರಲ್ಲಿ ಸೇತುವೆ ಆಯಿತು. ನೂರು ಕಿಲೋಮೀಟರಿಗೂ ಮಿಕ್ಕಿದ ಈ ದಾರಿಯಲ್ಲಿ ಹಳ್ಳಿ ಸಂತೆಯ ಸೊಪ್ಪು, ಮೀನು, ಸೀಗಡಿ ಧಾರಾಳ. ನಮಗೆ ಬೇಕಾದ ರುಚಿಗೆ ಬೇಯಿಸಿಕೊಳ್ಳುವ ಏರ್ಪಾಡು ಮಾತ್ರ ನಾವೇ ಒಯ್ಯಬೇಕು.

ಗಾಡಿಯ ಹಿಂಬದಿಯಲ್ಲಿ ಅಡುಗೆಮನೆ ಕೂರಿಸುವ ಯೋಚನೆ ಹೊಸದಲ್ಲ. 1866ರಲ್ಲಿ ಟೆಕ್ಸಾಸಿನ ದನಗಾಹಿ ವ್ಯಾಪಾರಿ ಚಾರ್ಲ್ಸ್ ಗುಡ್‌ನೈಟ್ ಸೇನೆ ಬಳಸಿ ಬಿಟ್ಟಿದ್ದ ಸ್ಟುಡೆಬೇಕರ್ ಗಾಡಿಯೊಂದನ್ನು ಕೊಂಡು ಹಿಂಭಾಗಕ್ಕೆ ಖಾನೆಗಳಿದ್ದ ಪೆಟ್ಟಿಗೆ ಜೋಡಿಸಿದ. ಅದರ ಮುಚ್ಚಳಕ್ಕೆ ಕೆಳಗಡೆ ಕೀಲು. ತೆರೆದು ಒಂದು ಕಾಲು ಊರಿದರೆ ಅದೇ ಅಡುಗೆ ಮೇಜು. ತಿಂಗಳುಗಟ್ಟಲೆ ದನ ಹೊಡೆದುಕೊಂಡು ಹೋಗುವವರ ಊಟ ಅದರ ಮೇಲೆ ತಯಾರಾಗುತ್ತಿತ್ತು. ಆ ಒಂಟಿ ಕಾಲನ್ನು ಓದುಗರು ನೆನಪಿಟ್ಟುಕೊಳ್ಳಲಿ. ಇಂದಿನ ಎಷ್ಟೋ ಪೆಟ್ಟಿಗೆಗಳು ಅದನ್ನೇ ಮರೆತು ಕೆಡುತ್ತವೆ.

ಇಂಥ ಪೆಟ್ಟಿಗೆ ಮಾಡಿಸಲು ಹೊರಟವರು ಮೊದಲು ಬಣ್ಣ, ಮೈಕಾ, ಹಿಡಿಕೆಗಳ ಬಗ್ಗೆ ಯೋಚಿಸುತ್ತಾರೆ. ಯೋಚಿಸಬೇಕಾದದ್ದು ತೂಕದ ಬಗ್ಗೆ. ಎಂಟಡಿ-ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಹಲಗೆ ಸುಮಾರು 35 ಕಿಲೋ ತೂಗುತ್ತದೆ. 12 ಮಿಲಿಮೀಟರಿನದು 23ರ ಆಸುಪಾಸು. ಮನೆಯ ವಾರ್ಡ್‌ರೋಬಿನ ಅಭ್ಯಾಸದಲ್ಲಿ ಬಡಗಿ 18ನ್ನೇ ಹಿಡಿಯುತ್ತಾನೆ. ಬೇಡ. ತೊಂಬತ್ತು ಸೆಂಟಿಮೀಟರ್ ಅಗಲ, ಎಪ್ಪತ್ತು ಉದ್ದ, ಮೂವತ್ತು ಎತ್ತರದ ಪೆಟ್ಟಿಗೆಯ ಹೊರಗೂಡು ಒಂದೇ ಒಂದು 12 ಮಿಲಿಮೀಟರ್ ಹಲಗೆಯಲ್ಲಿ ಮುಗಿಯುತ್ತದೆ. ಅದಕ್ಕೆ ಡ್ರಾಯರ್, ಅದು ಜಾರುವ ಚಾನೆಲ್ಲುಗಳ ತೂಕ, ಒಲೆ, ಹತ್ತು ಲೀಟರ್ ನೀರು, ಕಬ್ಬಿಣದ ತೂಕ ಸೇರಿ 12 ಕಿಲೋ ದಾಟುವ ಸಣ್ಣ ಸಿಲಿಂಡರ್, ಪಾತ್ರೆ, ದಿನಸಿ ಕೂಡಿಸಿದರೆ ಸುಮಾರು 65 ಕಿಲೋ. ಅಂದರೆ ಒಬ್ಬ ವಯಸ್ಕ ಪ್ರಯಾಣಿಕ ಡಿಕ್ಕಿಯಲ್ಲಿ ಕುಳಿತ ಹಾಗಾಯಿತು. ಐದು ಸೀಟಿನ ಕಾರಿನಲ್ಲಿ ಐದು ಜನ ತುಂಬಿ, ಅವರ ಸಾಮಾನನ್ನೂ ಹೇರಿ, ಮೇಲೆ ಇದನ್ನೂ ಇಟ್ಟರೆ ಹಿಂದಿನ ಸ್ಪ್ರಿಂಗು ಕುಸಿಯುತ್ತದೆ.

ಅಳತೆ ತೆಗೆಯುವುದು ಕಾಣುವಷ್ಟು ಸುಲಭವಲ್ಲ. ಡಿಕ್ಕಿಯ ಅಗಲ ಅಂದರೆ ಚಕ್ರದ ಉಬ್ಬುಗಳ ನಡುವಿನ ಅಗಲ. ಎತ್ತರ ಅಂದರೆ ಒಳಗಿನ ಎತ್ತರವಲ್ಲ, ಬಾಗಿಲ ಚೌಕಟ್ಟು ಬಿಟ್ಟುಕೊಡುವಷ್ಟು ಎತ್ತರ. ಉದ್ದವನ್ನು ಹಿಂದಿನ ಸೀಟಿನ ಬೆನ್ನು ಇಳಿಜಾರಾಗಿರುವುದರಿಂದ ನೆಲದ ಹತ್ತಿರವೂ ಪೆಟ್ಟಿಗೆಯ ಮೇಲ್ತುದಿ ಬರುವಲ್ಲಿಯೂ ಎರಡು ಸಲ ಅಳೆಯಬೇಕು. ಫ್ರಿಜ್ಜೋ ವಾಷಿಂಗ್ ಮೆಷಿನ್ನೋ ಬಂದ ರಟ್ಟಿನ ಡಬ್ಬಿಯನ್ನು ಕತ್ತರಿಸಿ, ಟೇಪು ಹಚ್ಚಿ, ಅದೇ ಗಾತ್ರದ ನಕಲಿ ಪೆಟ್ಟಿಗೆಯನ್ನು ಒಂದು ವಾರ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಿದರೆ ಎಷ್ಟೋ ಸತ್ಯಗಳು ಹೊರಬೀಳುತ್ತವೆ. ಸ್ಟೆಪ್ನಿ ಡಿಕ್ಕಿಯ ನೆಲದಡಿ ಇರುವ ಕಾರಾದರೆ ಪಂಕ್ಚರ್ ಆದಾಗ ಪೂರ್ತಿ ಪೆಟ್ಟಿಗೆ ಇಳಿಸಬೇಕು. ಬೊಲೆರೊದಂತೆ ಹಿಂಬಾಗಿಲಿಗೆ ಸ್ಟೆಪ್ನಿ ನೇತುಹಾಕಿದ ಗಾಡಿಗೆ ಆ ತಲೆನೋವಿಲ್ಲ. ಜ್ಯಾಕು ಮಾತ್ರ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಸಿಎನ್‌ಜಿ ಕಾರಿದ್ದು ಸಿಲಿಂಡರ್ ಡಿಕ್ಕಿಯಲ್ಲೇ ಇದ್ದರೆ ಈ ಯೋಜನೆಯನ್ನು ಕೈಬಿಡುವುದೇ ಮೇಲು. ಆ ಸಿಲಿಂಡರಿನ ಆಚೀಚೆ ಮೊಳೆ, ಒಲೆ, ಬೆಂಕಿ ಯಾವುದೂ ಸಲ್ಲದು.

ಪ್ಲೈವುಡ್ಡಿಗೆ ಜೋಕಾದವರು ದೂರ ಹೋಗಬೇಕಾಗಿಲ್ಲ. ಉತ್ತರಕ್ಕೆ ತಾರಾತಲಾ ರಸ್ತೆಯಲ್ಲಿ ಸೆಂಚುರಿ ಪ್ಲೈ ಕಂಪನಿಯ ಮುಖ್ಯ ಕಚೇರಿ, ದಕ್ಷಿಣಕ್ಕೆ ಡೈಮಂಡ್ ಹಾರ್ಬರ್ ರಸ್ತೆಯ ಬಿಷ್ಣುಪುರದಲ್ಲಿ ಅದರ ಕಾರ್ಖಾನೆ. ಹತ್ತಿರವಿದೆಯೆಂದು ಕಣ್ಣುಮುಚ್ಚಿ ಕೊಳ್ಳಬಾರದು, ಹಲಗೆಯ ಮೇಲಿನ ಮುದ್ರೆ ಓದಬೇಕು. ಐಎಸ್ 303 ಎಂದಿದ್ದು ಬಿಡಬ್ಲ್ಯುಆರ್ ಎಂದಿದ್ದರೆ ಅದರ ಅಂಟು ಎಂಟು ಗಂಟೆ ಕುದಿನೀರಿನ ಪರೀಕ್ಷೆ ತಾಳುವಂಥದ್ದು. ಐಎಸ್ 710 ಮುದ್ರೆಯ ಮರೈನ್ ಪ್ಲೈಗೆ ಆ ಪರೀಕ್ಷೆ 72 ಗಂಟೆಯದು. ಅಗ್ಗದ ಎಂಆರ್ ದರ್ಜೆಗೆ ಕುದಿನೀರಿನ ಮಾತೇ ಇಲ್ಲ. ಬಂಗಾಳದ ಮಳೆಗಾಲದಲ್ಲಿ ಅದು ಅಂಚಿನಿಂದ ಉಬ್ಬಿ ಡ್ರಾಯರನ್ನು ಕಚ್ಚಿಕೊಂಡು ಕೂರುತ್ತದೆ. ಪೆಟ್ಟಿಗೆಗೆ ಬಿಡಬ್ಲ್ಯುಆರ್ ಸಾಕು. ನೀರು ಚೆಲ್ಲುವ ಡ್ರಾಯರಿನ ತಳಕ್ಕೆ ಮಾತ್ರ ಮರೈನ್ ಹಾಕಿಸಿದರೆ ಹಣವೂ ಉಳಿಯಿತು, ಕೆಲಸವೂ ಆಯಿತು. ಈ ಮರದ ವಿದ್ಯೆಗೆ ನಮ್ಮ ಕಡೆಯ ಕೊಡುಗೆಯೂ ಉಂಟು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1960ರ ದಶಕದಿಂದ ಪ್ಲೈವುಡ್ಡಿಗೆಂದೇ ಒಂದು ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಕೆಲಸ ಮಾಡಿದೆ.

ಕುಯ್ದ ಅಂಚುಗಳೇ ಪ್ಲೈವುಡ್ಡಿನ ಬಾಯಿ; ನೀರು ಕುಡಿಯುವುದು ಅಲ್ಲಿಂದ. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಎರಡು ಕೈ ಪಿಯು ವಾರ್ನಿಶ್ ಹೊಡೆದ ಮೇಲೆಯೇ ಜೋಡಣೆ. ಫೆವಿಕಾಲ್ ಜೊತೆಗೆ ಸ್ಕ್ರೂ ಇರಲಿ, ಬರೀ ಮೊಳೆ ಬೇಡ. ಡೈಮಂಡ್ ಹಾರ್ಬರ್ ರಸ್ತೆಯ ಗುಂಡಿಗಳಲ್ಲಿ ಮೊಳೆ ತಾನಾಗಿ ಹೊರಬರುತ್ತದೆ. ಬೋಲ್ಟು ಹಾಕುವಲ್ಲೆಲ್ಲ ಒಳಗೆ ನೈಲಾನ್ ಬಳೆಯಿರುವ ನಟ್ಟು ಬಳಸಿದರೆ ಅಲುಗಾಟಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಇನ್ನು ಇಡೀ ಕೆಲಸದ ಜೀವಾಳ, ಚಾನೆಲ್ಲು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಾಲ್ ಬೇರಿಂಗ್ ಟೆಲಿಸ್ಕೋಪಿಕ್ ಚಾನೆಲ್ಲಿನ ಪೊಟ್ಟಣದ ಮೇಲೆ 35 ಅಥವಾ 45 ಕಿಲೋ ಎಂದಿರುತ್ತದೆ. ಅದು ಜೋಡಿಗೆ, ಪಕ್ಕಕ್ಕೆ ಜೋಡಿಸಿದಾಗ, ಭಾರ ಸಮನಾಗಿ ಹರಡಿದಾಗ ತಡೆಯುವ ತೂಕ. ಎತ್ತರ ಉಳಿಸಲೆಂದು ಕೆಲವರು ಅದನ್ನು ಮಲಗಿಸಿ ಡ್ರಾಯರಿನ ಅಡಿಗೆ ಹಾಕಿಸುತ್ತಾರೆ. ಆಗ ಅದರ ಶಕ್ತಿ ಬಹುಪಾಲು ಹೋಯಿತೆಂದೇ ಲೆಕ್ಕ. ಇಪ್ಪತ್ತು ಕಿಲೋ ಸಾಮಾನಿರುವ ಡ್ರಾಯರ್ ಪೂರ್ತಿ ಹೊರಬಂದಾಗ ಅದು ಉದ್ದ ಹಿಡಿಯ ಸನಿಕೆಯಂತೆ ಪೆಟ್ಟಿಗೆಯನ್ನೇ ಮೀಟುತ್ತದೆ. ಮೇಲೆ ಒಂದು ಮಗು ಬಂದು ಅಂಚಿಗೆ ಜೋತುಬಿದ್ದರೆ, ಕಾರಿಗೆ ಬಿಗಿಯದ ಪೆಟ್ಟಿಗೆ ಹಿಂಬದಿ ಎದ್ದು ಒಲೆ ಸಮೇತ ಮಗುಚುತ್ತದೆ. ಆದ್ದರಿಂದ ಹೊರತುದಿಗೆ ಮಡಚುವ ಕಾಲು ಬೇಕೇ ಬೇಕು. ಗುಡ್‌ನೈಟನ ಗಾಡಿಗೆ ಇದ್ದದ್ದೂ ಅದೇ. ನೆಲ ಏರುತಗ್ಗಾಗಿರುವುದರಿಂದ ಕಾಲಿನ ಬುಡಕ್ಕೆ ತಿರುಗಿಸಿ ಎತ್ತರಿಸುವ ಬೋಲ್ಟು, ಮರಳಿಗೆ ಅಡಿಗಿಡಲು ಅಂಗೈಯಗಲದ ಹಲಗೆ ಚೂರು.

ಚಾನೆಲ್ಲಿಗೆ ಒಳಗೂ ಹೊರಗೂ ಲಾಕ್ ಆಗುವ ಗುಣವಿರಬೇಕು. ಹೊರಗೆ ಲಾಕ್ ಇಲ್ಲದಿದ್ದರೆ ಮೆಣಸಿನಕಾಯಿ ಹೆಚ್ಚುವಾಗ ಮಣೆ ಒಳಕ್ಕೆ ಜಾರುತ್ತದೆ. ಒಳಗೆ ಲಾಕ್ ಇಲ್ಲದಿದ್ದರೆ ಏರಿನಲ್ಲಿ ಡ್ರಾಯರು ಬಂದು ಬಾಗಿಲಿಗೆ ಬಡಿಯುತ್ತದೆ. ಇಂಥ ಭಾರದ ಚಾನೆಲ್ ದುಬಾರಿ. ಒಂದು ಜೋಡಿಗೆ ಕೊಟ್ಟ ಹಣ ಕೆಲವೊಮ್ಮೆ ಪ್ಲೈವುಡ್ಡಿನ ಬೆಲೆಯನ್ನೂ ಮೀರುತ್ತದೆ. ಅಷ್ಟು ಖರ್ಚು ಬೇಡವೆನ್ನುವವರಿಗೆ, ಅದರಲ್ಲೂ ಬಕ್ಖಾಲಿಯಂಥ ಮರಳು ನೆಲಕ್ಕೇ ಹೋಗುವವರಿಗೆ, ಅಜ್ಜನ ಕಾಲದ ವಿಧಾನವೇ ವಾಸಿ. ಮರದ ಹಳಿ, ಹಳಿಯ ಮೇಲೆ ಮೈಕಾ ಪಟ್ಟಿ, ಅದಕ್ಕೆ ಮೇಣದಬತ್ತಿ ಉಜ್ಜುವುದು, ನಿಲ್ಲಿಸಲು ಒಂದು ಚಿಲಕ. ಬೇರಿಂಗಿನ ಗುಂಡುಗಳ ನಡುವೆ ಮರಳು ಹೊಕ್ಕರೆ ಕರಕರ ಎನ್ನುತ್ತ ಒಂದು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಮರದ ಹಳಿಯ ಮರಳನ್ನು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಎತ್ತರದ ವಿಷಯಕ್ಕೆ ಬಂದರೆ ಮನೆಯ ಅಡುಗೆಕಟ್ಟೆ ಸಾಮಾನ್ಯವಾಗಿ 34 ಇಂಚು. ಎಸ್‌ಯುವಿಯ ಡಿಕ್ಕಿಯ ನೆಲವೇ ಅದಕ್ಕೆ ಹತ್ತಿರ ಬರುತ್ತದೆ. ಪೆಟ್ಟಿಗೆಯ ಮೇಲಿನ ಡ್ರಾಯರಿನಲ್ಲಿ ಒಲೆ, ಒಲೆಯ ಮೇಲೆ ಕುಕ್ಕರ್ ಇಟ್ಟರೆ ಐದಡಿ ಎತ್ತರದವರಿಗೆ ಕುಕ್ಕರಿನ ಬಾಯಿ ಕತ್ತಿನ ಮಟ್ಟಕ್ಕೆ ಬರುತ್ತದೆ. ಒಳಗೇನು ಬೇಯುತ್ತಿದೆ ಎಂದು ಕಾಣುವುದೂ ಇಲ್ಲ, ಆವಿ ಮುಖಕ್ಕೇ ರಾಚುತ್ತದೆ. ಒಲೆ ಕೆಳಗಿನ ಡ್ರಾಯರಿಗೆ, ಹೆಚ್ಚುವುದು ಬಡಿಸುವುದು ಮೇಲಿನದಕ್ಕೆ ಎಂದು ಮೊದಲೇ ತೀರ್ಮಾನಿಸಿದರೆ ಒಳಿತು. ಅಳತೆ ಹೇಳುವವರು ಅಡುಗೆ ಮಾಡುವವರೇ ಆಗಿರಲಿ.

ಬಿಗಿಯುವುದು ಹೇಗೆ? ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಎದುರಿನದಕ್ಕೆ ಗುದ್ದಿ, ಮುಂಭಾಗ ನಜ್ಜುಗುಜ್ಜಾಗಿ ಅರವತ್ತು ಸೆಂಟಿಮೀಟರಿನೊಳಗೆ ನಿಂತಿತೆಂದುಕೊಳ್ಳಿ. ಆ ಕ್ಷಣ ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ ಸುಮಾರು ಹದಿನಾರು ಪಟ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. 65 ಕಿಲೋದ ಪೆಟ್ಟಿಗೆ ಒಂದು ಟನ್ನಿನಷ್ಟು ಬಲದಿಂದ ಹಿಂದಿನ ಸೀಟಿನ ಬೆನ್ನಿಗೆ ಬಡಿಯುತ್ತದೆ. ಅಲ್ಲಿ ಕೂರುವುದು ಮಕ್ಕಳು. ಅದಕ್ಕೇ ಪೆಟ್ಟಿಗೆ ಸೀಟಿನ ಬೆನ್ನಿಗೆ ಒತ್ತಿಕೊಂಡೇ ಇರಬೇಕು, ಅದರ ಎತ್ತರ ಸೀಟಿನ ಬೆನ್ನನ್ನು ಮೀರಬಾರದು, ನೀರಿನ ಕ್ಯಾನಿನಂಥ ಭಾರವೆಲ್ಲ ಕೆಳಗೆ, ಸೀಟಿನ ಬದಿಗೆ. ಕಂಪನಿಯವರೇ ಡಿಕ್ಕಿಯಲ್ಲಿ ಕೊಟ್ಟ ಬಳೆಗಳಿಗೆ ರ‍್ಯಾಚೆಟ್ ಪಟ್ಟಿಯಲ್ಲಿ ನಾಲ್ಕೂ ಮೂಲೆ ಬಿಗಿಯಬೇಕು. ಹಗ್ಗ, ರಬ್ಬರ್ ಕೊಕ್ಕೆ ಇದಕ್ಕೆ ಆಗಿಬರುವುದಿಲ್ಲ. ನೆಲಕ್ಕೆ ಡ್ರಿಲ್ ಹಾಕುವ ಮಾತಂತೂ ಬೇಡವೇ ಬೇಡ, ಅಡಿಯಲ್ಲಿ ಇಂಧನದ ಟ್ಯಾಂಕು, ಬ್ರೇಕಿನ ಪೈಪು, ವೈರುಗಳಿರುತ್ತವೆ.

ಕಾನೂನು ಕೂಡ ಇದೇ ಕಡೆ ಬೆರಳು ತೋರಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಡಕ್ಕಾಗಿ ಎತ್ತಿಹಿಡಿದಿದೆ. ಸೀಟು ಬಿಚ್ಚಿಹಾಕಿದರೆ ಆರ್‌ಸಿಯಲ್ಲಿ ಬರೆದ ಆಸನ ಸಂಖ್ಯೆಗೂ ಗಾಡಿಗೂ ತಾಳೆಯಾಗುವುದಿಲ್ಲ, ವಿಮೆಯ ಹಣ ಕೇಳುವಾಗ ಅದೇ ತಕರಾರಾಗಬಹುದು. ಸೀಟು ಮಡಚಬಹುದು, ಕೀಳಬಾರದು. ಪಟ್ಟಿ ಬಿಚ್ಚಿ ಇಬ್ಬರು ಎತ್ತಿ ಇಳಿಸಬಲ್ಲ ಪೆಟ್ಟಿಗೆಯಾದರೆ ಅದು ಟ್ರಂಕಿನಂತೆ ಒಂದು ಸಾಮಾನಷ್ಟೆ. ವಾರದ ದಿನಗಳಲ್ಲಿ ಅದನ್ನು ಲಿಫ್ಟಿನಲ್ಲಿ ಫ್ಲ್ಯಾಟಿಗೆ ಸಾಗಿಸಿ ಬಾಲ್ಕನಿಯಲ್ಲಿ ಇಟ್ಟುಕೊಳ್ಳಬೇಕಾದವರಿಗೂ ಇದೇ ಅನುಕೂಲ.

ಗ್ಯಾಸಿನ ವಿಚಾರದಲ್ಲಿ ಸಲುಗೆ ಬೇಡ. ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು ಭಾರ. ಸೋರಿದರೆ ಮೇಲಕ್ಕೆ ಹಾರಿಹೋಗದೆ ಡಿಕ್ಕಿಯ ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ, ಕಿಡಿಗಾಗಿ ಕಾಯುತ್ತದೆ. ಒಲೆ ಹೊತ್ತಿಸುವ ಮೊದಲು ಸಿಲಿಂಡರನ್ನು ಕಾರಿನಿಂದ ಇಳಿಸಿ ನೆಲದ ಮೇಲೆ ನೆಟ್ಟಗೆ ಇಡಬೇಕು, ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬೇಕು. ವರ್ಗಾವಣೆಯಾಗಿ ಬಂದವರಿಗೆ 5 ಕಿಲೋದ ಸಿಲಿಂಡರ್ ಸುಲಭ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಅದಕ್ಕೆ ಛೋಟು ಎಂದು ಹೆಸರಿಟ್ಟಿತು, ವಿಳಾಸದ ದಾಖಲೆ ಕೇಳದೆ ಗುರುತಿನ ಚೀಟಿ ನೋಡಿ ಕೊಡುತ್ತಾರೆ.

ಹೆಚ್ಚಿನವರು ಕೊಳ್ಳುವುದು ಸ್ಪ್ರೇ ಡಬ್ಬಿಯಂಥ ಬ್ಯುಟೇನ್ ಕ್ಯಾನ್ ಹಾಕುವ ಚಪ್ಪಟೆ ಒಲೆ. ಹಗುರ, ಅಚ್ಚುಕಟ್ಟು. ಆದರೆ ಕ್ಯಾನಿನ ಮೇಲೆ 50 ಡಿಗ್ರಿ ಮೀರಬಾರದೆಂದು ಬರೆದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಶಾಖ ಏರಲು ಹೆಚ್ಚು ಹೊತ್ತು ಬೇಡ. ಇನ್ನೊಂದು ಅಪಾಯ ನಮ್ಮ ಅಡುಗೆಯದ್ದೇ. ಅಂಥ ಒಲೆಯಲ್ಲಿ ಕ್ಯಾನು ಬರ್ನರಿನ ಪಕ್ಕದಲ್ಲೇ ಇರುತ್ತದೆ. ಅಗಲವಾದ ದೋಸೆ ಕಾವಲಿ ಇಟ್ಟರೆ ಅದರ ಅಂಚು ಕ್ಯಾನಿನ ಮೇಲೆ ಚಾಚಿ, ಕಾವು ಕೆಳಗೆ ಬಡಿದು ಕ್ಯಾನು ಕಾಯುತ್ತದೆ. ಗಾಳಿಗೆ ತಡೆಯೆಂದು ಒಲೆಯ ಸುತ್ತ ತಗಡು ಮುಚ್ಚಿದರೂ ಅದೇ ಗತಿ. ಇಲ್ಲಿ ಸಣ್ಣ ತಳದ ಪಾತ್ರೆ, ಉಪ್ಪಿಟ್ಟು, ಗೋಬಿಂದೋಭೋಗ್ ಅಕ್ಕಿಯ ಖಿಚಡಿ ಸರಿ. ದೋಸೆಯ ಆಸೆಗೆ ಉದ್ದ ಪೈಪಿನ ಒಲೆಯೇ ಬೇಕು. ಚಳಿಗಾಲದಲ್ಲಿ 3,636 ಮೀಟರ್ ಎತ್ತರದ ಸಂದಕ್‌ಫು ಬೆಟ್ಟದ ಕಡೆ ಹೋಗುವವರಿಗೆ ತಿರುಗುಮುರುಗು ಸಮಸ್ಯೆ. ಬ್ಯುಟೇನ್ ಆವಿಯಾಗುವುದು ಸೊನ್ನೆಯ ಆಸುಪಾಸಿನಲ್ಲಿ. ಅದಕ್ಕಿಂತ ತೀರ ತಂಪಾದರೆ ಕ್ಯಾನು ತುಂಬಿದ್ದರೂ ಉರಿ ಸರಿಯಾಗಿ ಬಾರದು.

ಮಳೆ ಬಂತೆಂದು ಬಾಗಿಲು ಎಳೆದುಕೊಂಡು ಒಳಗೆ ಬೇಯಿಸುವುದು ಪ್ರಾಣಕ್ಕೆ ಕುತ್ತು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮೇಲಕ್ಕೆ ತೆರೆಯುವ ಬಾಗಿಲು ತಾನೇ ಸೂರಾಗುತ್ತದೆ ನಿಜ, ಅದರಡಿ ಅನ್ನ-ಸಾರಿಗೆ ಅಡ್ಡಿಯಿಲ್ಲ, ಬಜ್ಜಿ ಕರಿಯುವುದು ಬೇಡ. ಒಂದು ಕಿಲೋದ ಎಬಿಸಿ ಪುಡಿಯ ಅಗ್ನಿಶಾಮಕ ಕೈಗೆಟುಕುವಂತಿರಲಿ. ಅದರ ಜಾಗ ಒಲೆಯ ಹಿಂದಲ್ಲ, ಚಾಲಕನ ಸೀಟಿನ ಬಳಿ.

ಗ್ಯಾಸನ್ನೇ ಬಿಟ್ಟರೆ? ಕೆಲವು ವಿದ್ಯುತ್ ಕಾರುಗಳು ತಮ್ಮ ಬ್ಯಾಟರಿಯಿಂದ ಮನೆಯ ಉಪಕರಣಗಳಿಗೆ ಕರೆಂಟು ಕೊಡುತ್ತವೆ. 2023ರಲ್ಲಿ ಬಂದ ಹೊಸ ನೆಕ್ಸಾನ್ ಇವಿ ಅಂಥದ್ದೊಂದು. 1,800 ವ್ಯಾಟಿನ ಇಂಡಕ್ಷನ್ ಒಲೆ ಅರ್ಧ ಗಂಟೆ ಪೂರ್ತಿ ಉರಿದರೂ 0.9 ಯೂನಿಟ್, 30 ಯೂನಿಟ್ಟಿನ ಬ್ಯಾಟರಿಯಲ್ಲಿ ಅದು ಶೇ. 3. ಸಿಲಿಂಡರಿಲ್ಲ, ಪೈಪಿಲ್ಲ, ಗಾಳಿಗೆ ಆರುವುದಿಲ್ಲ. ಮುಂದಿನ ದಿನಗಳ ಡಿಕ್ಕಿಯ ಅಡುಗೆಮನೆ ಇದೇ ಆದೀತು.

ಎಲ್ಲೆಂದರಲ್ಲಿ ಒಲೆ ಹೂಡುವಂತಿಲ್ಲ ಎಂಬುದು ಬಂಗಾಳಕ್ಕೂ ಕರ್ನಾಟಕಕ್ಕೂ ಸಮಾನ. 1927ರ ಭಾರತೀಯ ಅರಣ್ಯ ಕಾಯ್ದೆಯೂ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದನ್ನು ಅಪರಾಧವೆನ್ನುತ್ತವೆ. ರಜೆಗೆ ಊರಿಗೆ ಬಂದು ಬಂಡೀಪುರದ ದಾರಿಯಲ್ಲಿ ಕಾರು ನಿಲ್ಲಿಸಿ ಚಹಾ ಕಾಯಿಸಲು ಹೊರಟರೆ ದಂಡ ಖಚಿತ. ಖಾಸಗಿ ತೋಟ, ಹೋಂಸ್ಟೇ ಅಂಗಳ, ಪಿಕ್‌ನಿಕ್ಕಿಗೆಂದೇ ಬಿಟ್ಟ ಜಾಗಗಳಲ್ಲಿ ಮೊದಲೇ ಕೇಳಿಕೊಂಡರೆ ತಕರಾರಿಲ್ಲ.

ಸಮುದ್ರದಿಂದ ಮರಳಿದ ಮಾರನೆಯ ದಿನವೇ ಪೆಟ್ಟಿಗೆಯ ಆರೈಕೆ ಆಗಬೇಕು. ಉಪ್ಪುಗಾಳಿ ಸತುವಿನ ಲೇಪವನ್ನೂ ತಿನ್ನುತ್ತದೆ; ಚಾನೆಲ್ಲನ್ನು ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಬೇಕು. ಗ್ರೀಸ್ ಹಚ್ಚಿದರೆ ಮರಳು ಅದಕ್ಕೇ ಅಂಟುತ್ತದೆ. ಡ್ರಾಯರನ್ನು ಪೂರ್ತಿ ಕಳಚಿ ಬಿಸಿಲಿಗಿಟ್ಟು, ಮೂಲೆಯಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಮರಹುಳು ಹೊಕ್ಕಿದೆಯೆಂದು ತಿಳಿದು ಆಗಲೇ ಔಷಧಿ ಹಾಕಬೇಕು. ಉಳಿದ ಕ್ಯಾನುಗಳನ್ನು ಕಾರಿನಿಂದ ತೆಗೆದು ನೆರಳಿಗಿಡಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಐದು ವರ್ಷ ದಾಟಿದ್ದರೆ ಬಿರುಕು ಕಾಣದಿದ್ದರೂ ಹೊಸದು ತರಬೇಕು.